1967ರ ಎಂಜಿಬಿಗೆ ಯಾವ ಸೈಜಿನ ವೀಲ್ ಹಾಕಲಿ? 14, 15, 16?

ಕೌಲ್‌ಬಜಾರ್ 34:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ದೊಡ್ಡಪ್ಪನ ಹತ್ತಿರ 1967ರ ಎಂಜಿಬಿ ರೋಡ್‌ಸ್ಟರ್ ಇತ್ತು, ಇಂಗ್ಲೆಂಡಿನ ಎಂಜಿ ಕಂಪನಿಯ ಕಾರು. ಎರಡೇ ಸೀಟು, ಮೇಲೆ ಬಟ್ಟೆಯ ಟಾಪ್. ಅದಿರು ಲಾರಿ ವ್ಯವಹಾರದಲ್ಲಿದ್ದಾಗ ಬೆಂಗಳೂರಿನಲ್ಲಿ ಒಬ್ಬರಿಂದ ತಗೊಂಡಿದ್ದರು. ಭಾನುವಾರ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳ್ಳಾರಿ ಕೋಟೆ ಗುಡ್ಡದ ಸುತ್ತ ಒಂದು ರೌಂಡ್ ಹೊಡೆದು, ಒಗ್ಗರಣೆ ಮಿರ್ಚಿ ತಿನ್ನಿಸಿ ಮನೆಗೆ ಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ದೊಡ್ಡಮ್ಮ ಕೀ ನನ್ನ ಕೈಗೆ ಕೊಟ್ಟು, ಇದನ್ನು ಕೊಳೆಸಬೇಡ, ಓಡಿಸು ಎಂದರು.

ಎಂಜಿನ್ ಕೆಲಸ ಮುಗಿದಿದೆ. 1,798 ಸಿಸಿ, ಎರಡು ಎಸ್‌ಯು ಕಾರ್ಬೊರೇಟರ್, ಈಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಬ್ರೇಕ್ ಕೆಲಸವೂ ಆಯಿತು, ಅದಕ್ಕೆ ವೀಲ್ ಕೂರುವ ಹಬ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಿದ್ದಾರೆ. ಉಳಿದಿರೋದು ವೀಲ್. ಈಗ ಇರೋದು ಕಂಪನಿಯ ಕಡ್ಡಿ ವೀಲ್, 60 ಕಡ್ಡಿ, 14 ಇಂಚು, ಅಗಲ ನಾಲ್ಕೂವರೆ ಇಂಚು. ನಾಲ್ಕು ಬೋಲ್ಟ್ ಇಲ್ಲ, ನಡುವೆ ಎರಡು ಕಿವಿಯ ಒಂದೇ ದೊಡ್ಡ ನಟ್. ಹಿಂದಿನ ಎರಡು ವೀಲಿನ ಕಡ್ಡಿಗಳು ಸಡಿಲ ಆಗಿವೆ. ಕ್ಲಚ್ ಬಿಟ್ಟು ಮುಂದಕ್ಕೆ ಹೊರಟಾಗ ಹಿಂದಿನಿಂದ ಟಕ್ ಅಂತ ಸದ್ದು ಬರುತ್ತದೆ, ರಿವರ್ಸ್ ಹಾಕಿದರೆ ಇನ್ನೊಂದು ಟಕ್. ಟೈರ್ ಮೇಲಿನ ನಾಲ್ಕು ಅಂಕಿ 1809 ಎಂದಿದೆ, ಅಂದರೆ 2009ರ 18ನೇ ವಾರದ್ದು. ಅದನ್ನಂತೂ ಎಸೆಯಲೇಬೇಕು.

ಮಗ 16 ಇಂಚಿನ ಅಲಾಯ್, 205/45 ಟೈರ್ ಹಾಕಿಸೋಣ ಎನ್ನುತ್ತಾನೆ. ಪಕ್ಕದ ಗ್ಯಾರೇಜಿನವರು ಸ್ವಿಫ್ಟ್ ಅಲಾಯ್ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು 15 ಸಾಕು ಎಂದರು. ನನಗೆ ಬೇಕಾಗಿರೋದು ಇಷ್ಟೇ: ಚಳಿಗಾಲದಲ್ಲಿ ಹಂಪಿ, ಸಂಡೂರಿಗೆ ಧೈರ್ಯವಾಗಿ ಹೋಗಿ ಬರುವ ಹಾಗಿರಬೇಕು, ದೊಡ್ಡಮ್ಮನನ್ನೂ ಕೂರಿಸಿಕೊಂಡು.

ಗಂಗಾವತಿ ಮೆಕ್ಯಾನಿಕ್:
ಅಣ್ಣ, ಸೈಜಿನ ಮಾತು ಆಮೇಲೆ. ಮೊದಲು ಆ ಟಕ್ ಸದ್ದು ನೋಡಿ. ಅದು ಬಹಳ ಮಾಡಿ ಹಬ್ಬಿನ ಹಲ್ಲು ಸವೆದಿರೋ ಸದ್ದು.

ಕಡ್ಡಿ ವೀಲ್ ಹಬ್ಬಿಗೆ ಕೂರೋದು ಸ್ಪ್ಲೈನ್ ಮೇಲೆ. ಹಬ್ಬಿನ ಹೊರಗೂ ಹಲ್ಲು, ವೀಲಿನ ಒಳಗೂ ಹಲ್ಲು. ಎಂಜಿನ್ ಎಳೆದಾಗ, ಬ್ರೇಕ್ ಹಿಡಿದಾಗ, ಪೂರ್ತಿ ಭಾರ ಆ ಹಲ್ಲುಗಳ ಮೇಲೆ. ನಡುವಿನ ನಟ್ ಸಡಿಲ ಬಿಟ್ಟು ಓಡಿಸಿದ್ದರೆ, ಗ್ರೀಸ್ ಇಲ್ಲದೆ ಓಡಿಸಿದ್ದರೆ ಹಲ್ಲು ತಿಂದುಹೋಗುತ್ತದೆ. ವೀಲ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಬೆರಳಿಟ್ಟು ನೋಡಿ. ಒಳ್ಳೆ ಹಲ್ಲಿನ ತಲೆ ಚಪ್ಪಟೆ ಇರುತ್ತದೆ. ಸವೆದದ್ದು ಗರಗಸದ ಹಾಗೆ ಚೂಪಾಗಿರುತ್ತದೆ. ಚೂಪಾಗಿದ್ದರೆ ವೀಲ್ ಮಾತ್ರ ಬದಲಾಯಿಸಿದರೆ ಪ್ರಯೋಜನ ಇಲ್ಲ. ಹೊಸ ವೀಲನ್ನು ಹಳೇ ಹಬ್ ತಿಂದುಹಾಕುತ್ತದೆ.

ಇನ್ನೊಂದು ಪರೀಕ್ಷೆ. ಹಿಂದೆ ಜಾಕ್ ಕೊಟ್ಟು ಎತ್ತಿ, ಹ್ಯಾಂಡ್ ಬ್ರೇಕ್ ಗಟ್ಟಿ ಎಳೆದು, ಟೈರ್ ಹಿಡಿದು ಹಿಂದೆ ಮುಂದೆ ತಿರುಗಿಸಿ. ಹಬ್ ನಿಂತೇ ಇದ್ದು ವೀಲ್ ಮಾತ್ರ ಅಲ್ಲಾಡಿದರೆ ಗೊತ್ತಾಯಿತಲ್ಲ. ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿ ಇರೋದು ಟಿಣ್ ಅನ್ನುತ್ತದೆ, ಸಡಿಲ ಇರೋದು ಮಂಕಾಗಿ ದಪ್ ಅನ್ನುತ್ತದೆ. ಚಿಕ್ಕಂದಿನಲ್ಲಿ ಸೈಕಲ್ ಅಂಗಡಿಯಲ್ಲಿ ಕಲಿತ ವಿದ್ಯೆ ಇದು, ಇಲ್ಲೂ ಅದೇ ನಡೆಯುತ್ತದೆ.

ಸಂಡೂರು ಘಾಟಿ:
16 ಬೇಡ ಸರ್. ಸುಮ್ನೆ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಇನ್ನೊಂದು ಗಾಡಿಗೆ ಹೀಗೇ ಆಸೆಪಟ್ಟು ದೊಡ್ಡ ಅಲಾಯ್, ತೆಳು ಟೈರ್ ಹಾಕಿಸಿದ್ದೆ. ನೋಡೋಕೆ ತುಂಬಾ ಚೆನ್ನಾಗಿತ್ತು. ಮೂರನೇ ತಿಂಗಳು ತೋರಣಗಲ್ಲಿನಿಂದ ಈ ಕಡೆ ಬರುವಾಗ, ರಾತ್ರಿ, ಎದುರು ಲಾರಿಯ ಲೈಟು ಕಣ್ಣಿಗೆ ಹೊಡೆದು ಗುಂಡಿ ಕಾಣಲಿಲ್ಲ. ಒಂದೇ ಏಟಿಗೆ ಮುಂದಿನ ಎಡ ರಿಮ್ ಬಗ್ಗಿ ಟೈರಿನ ಪಕ್ಕದ ಗೋಡೆ ಕಿತ್ತುಹೋಯಿತು. ಹೆಂಡತಿ ಮಕ್ಕಳು ಗಾಡಿಯಲ್ಲಿದ್ದರು. ಆವತ್ತಿನ ಭಯ ಇನ್ನೂ ಹೋಗಿಲ್ಲ.

ನಮ್ಮ ಕಡೆ ರಸ್ತೆ ಚೆನ್ನಾಗಿದ್ದರೂ ಲಾರಿ ಓಡಿ ಓಡಿ ಎರಡು ಕಾಲುವೆ ಬಿದ್ದಿರುತ್ತವೆ. ಅದಿರಿನ ಕಲ್ಲು ಉದುರಿರುತ್ತದೆ. ಇಲ್ಲಿ ಬೇಕಾಗಿರೋದು ದಪ್ಪ ಗೋಡೆಯ ಟೈರ್.

ಕೊಪ್ಪಳ ಅಕ್ಕ:
ಲೆಕ್ಕ ಮಾಡಿ ನೋಡೋಣ, ಆಗ ಜಗಳ ಇರಲ್ಲ.

165/80 ಆರ್ 14 ಅಂದರೆ ಟೈರ್ ಅಗಲ 165 ಮಿಮೀ, ಗೋಡೆ ಅದರ ಶೇಕಡ 80, ಅಂದರೆ 132 ಮಿಮೀ. ರಿಮ್ 14 ಇಂಚು, ಒಂದು ಇಂಚಿಗೆ 25.4 ಮಿಮೀ, ಹಾಗಾಗಿ 355.6. ಮೇಲಿನ ಗೋಡೆ, ಕೆಳಗಿನ ಗೋಡೆ ಎರಡೂ ಸೇರಿಸಿದರೆ ಒಟ್ಟು ಎತ್ತರ 619.6 ಮಿಮೀ.

ಮಗ ಕೇಳುತ್ತಿರುವ 205/45 ಆರ್ 16ರ ಗೋಡೆ 92 ಮಿಮೀ ಮಾತ್ರ. ಒಟ್ಟು ಎತ್ತರ 590.9. ಅಂದರೆ ವೀಲ್ ದೊಡ್ಡದಾದರೂ ಟೈರ್ ಸೇರಿಸಿ ಅಳೆದರೆ ಸುಮಾರು 29 ಮಿಮೀ ಚಿಕ್ಕದು. ಗಾಡಿಯ ಹೊಟ್ಟೆ ನೆಲಕ್ಕೆ 14 ಮಿಮೀ ಹತ್ತಿರ ಬರುತ್ತದೆ. ಎಂಜಿಬಿ ಮೊದಲೇ ತಗ್ಗು ಗಾಡಿ, ಊರೊಳಗಿನ ಹಂಪ್‌ಗಳಲ್ಲಿ ಸೈಲೆನ್ಸರ್ ಉಜ್ಜುತ್ತದೆ. ಸ್ಪೀಡೋಮೀಟರ್ 165ರ ಟೈರಿಗೆ ಸರಿ ಇತ್ತು ಅಂದುಕೊಂಡರೆ, ಅದು 60 ತೋರಿಸುವಾಗ ನಿಜವಾದ ವೇಗ 57.

15 ಇಂಚಿನಲ್ಲಿ 185/65 ಹಾಕಿದರೆ ಎತ್ತರ 621.5. ಇದು 165/80 ಆರ್ 14ಕ್ಕೆ 2 ಮಿಮೀ ಒಳಗೆ ಬಂತು. ಗೋಡೆ 120. ಹಾಗಾಗಿ ಎತ್ತರದ ಲೆಕ್ಕದಲ್ಲಿ 15ಕ್ಕೆ ಅಡ್ಡಿ ಇಲ್ಲ. ಅಗಲ ಮಾತ್ರ 20 ಮಿಮೀ ಜಾಸ್ತಿ. ಅದು ಮಡ್‌ಗಾರ್ಡ್ ಒಳಗೆ ಹಿಡಿಯುತ್ತದಾ ಅನ್ನೋದು ಅಳೆದೇ ನೋಡಬೇಕು.

ರಾಯಚೂರು ಕೋಟೆ:
ನಾನು ಕೆಲಸದ ಮೇಲೆ ಆರು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ನನ್ನ ಹತ್ತಿರ ಎಂಜಿಬಿ ಇತ್ತು, 1974ರ ನಂತರ ಬಂದ ಕಪ್ಪು ರಬ್ಬರ್ ಬಂಪರಿನದು. ಅದಕ್ಕೆ 15 ಇಂಚಿನ, ಐದೂವರೆ ಅಗಲದ ಅಲಾಯ್ ಹಾಕಿ 185/65ರಲ್ಲಿ ಓಡಿಸಿದ್ದೇನೆ. ತಿರುವಿನಲ್ಲಿ ಹಿಡಿತ ಬಹಳ ಚೆನ್ನಾಗಿತ್ತು. 14ರ ಹಳೇ ಟೈರ್ ತಿರುವಿನಲ್ಲಿ ಮಗುಚಿದ ಹಾಗೆ ಆಗುತ್ತಿತ್ತು, ಇದರಲ್ಲಿ ಆ ಭಯ ಇಲ್ಲ. ಹಾಗಾಗಿ 15 ಅಂದ ತಕ್ಷಣ ಎಲ್ಲರೂ ತಲೆ ಅಲ್ಲಾಡಿಸಬೇಡಿ.

ಆದರೆ ಎರಡು ವಿಷಯ ಗಮನಿಸಿ. ರಬ್ಬರ್ ಬಂಪರ್ ಗಾಡಿಗಳನ್ನು ಕಂಪನಿಯೇ ಎತ್ತರ ಮಾಡಿತ್ತು. ನಿಮ್ಮದು ಕ್ರೋಮ್ ಬಂಪರಿನದು, ತಗ್ಗು. ಹಿಂದಿನ ಮಡ್‌ಗಾರ್ಡಿನ ಅಂಚು ಟೈರಿಗೆ ಇನ್ನೂ ಹತ್ತಿರ. ಎರಡನೆಯದು, ಎಂಜಿಬಿಗಳಲ್ಲಿ ಹಿಂದಿನ ಎಡಗಡೆ ಜಾಗ ಬಲಗಡೆಗಿಂತ ಕಡಿಮೆ ಇರೋದು ಸಾಮಾನ್ಯ. ನನ್ನದರಲ್ಲೂ ಹಾಗೇ ಇತ್ತು. ಇಬ್ಬರು ಕೂತು, ಡಿಕ್ಕಿಯಲ್ಲಿ ಸಾಮಾನು ಇಟ್ಟು ತಿರುಗಿಸಿದರೆ ಎಡ ಟೈರ್ ಅಂಚಿಗೆ ತಗುಲಿ ಸರ್ ಅಂತ ಸದ್ದು ಬರುತ್ತಿತ್ತು. ಒಳಗಿನ ಮಡಿಕೆ ಬಡಿದು ಚಪ್ಪಟೆ ಮಾಡಿಸಬೇಕಾಯಿತು. ಈಗ ನೆನೆಸಿಕೊಂಡರೆ ಒಳ್ಳೆ ಬಾಡಿಗೆ ಸುತ್ತಿಗೆ ಹಾಕಿಸಿದ್ದು ಬೇಸರ ಆಗುತ್ತದೆ.

ಅಳೆಯುವಾಗ ಎಡಗಡೆಯೇ ಅಳೆಯಿರಿ.

ಕೌಲ್‌ಬಜಾರ್ 34:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಬಿಸಿಲೇರೋ ಮುಂಚೆ ಕೂತು ನೋಡಿದೆ.

ಹಿಂದಿನ ಎರಡೂ ಹಬ್ಬಿನ ಹಲ್ಲು ಗರಗಸ. ಮುಂದಿನವು ಪರವಾಗಿಲ್ಲ ಅನ್ನಿಸಿತು. ಕಡ್ಡಿ ತಟ್ಟಿದೆ, ಹಿಂದಿನ ಬಲದಲ್ಲಿ ಒಂಬತ್ತು ಸಡಿಲ, ಎರಡು ಮುರಿದೇ ಹೋಗಿವೆ. ಇಷ್ಟು ದಿನ ಇದರಲ್ಲೇ ರೌಂಡ್ ಹೊಡೆಯುತ್ತಿದ್ದೆ. ಗಂಗಾವತಿ ಅಣ್ಣ, ನೀವು ಹೇಳದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ.

ಹಿಂದಿನ ಟೈರ್ ಉಬ್ಬಿಗೂ ಮಡ್‌ಗಾರ್ಡ್ ಅಂಚಿಗೂ ಜಾಗ ಅಳೆದೆ. ಈಗ ಇರೋದು 165ರ ಟೈರ್. ಬಲಗಡೆ 31 ಮಿಮೀ. ಎಡಗಡೆ 19. ರಾಯಚೂರು ಸರ್ ಹೇಳಿದ್ದು ಹಾಗೇ ಇದೆ.

ಕೊಪ್ಪಳ ಅಕ್ಕ:
ಹಾಗಾದರೆ ಲೆಕ್ಕ ಸುಲಭ. ವೀಲಿನ ನಡುಗೆರೆ ಈಗ ಇರುವ ಜಾಗದಲ್ಲೇ ಇದ್ದರೆ, 185 ಟೈರ್ ಹೊರಗೆ 10, ಒಳಗೆ 10 ಮಿಮೀ ಬೆಳೆಯುತ್ತದೆ. ಎಡಗಡೆ 9 ಉಳಿಯುತ್ತದೆ. 205 ಹಾಕಿದರೆ ಆ ಕಡೆ ಈ ಕಡೆ 20. ನಿಮ್ಮ ಹತ್ತಿರ ಇರೋದೇ 19. ಗಾಡಿ ನಿಂತಲ್ಲೇ ತಗುಲುತ್ತದೆ.

9 ಸಾಕು ಅಂತ ಅನ್ನಿಸಬಹುದು. ಆದರೆ ಈ ಗಾಡಿಯ ಹಿಂಭಾಗದಲ್ಲಿ ಇರೋದು ಕಮಾನು ಪಟ್ಟಿಯ ಸ್ಪ್ರಿಂಗ್. ತಿರುವಿನಲ್ಲಿ ಪಟ್ಟಿಯೂ ಅದರ ಬುಷ್ಷೂ ಬಾಗಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಆ 9 ಮಿಮೀ ಅಲ್ಲೇ ಖರ್ಚಾಗುತ್ತದೆ.

ಇನ್ನು ಆಫ್‌ಸೆಟ್. ಇದನ್ನು ಯಾರೂ ಕೇಳಲಿಲ್ಲ, ನನ್ನ ಪ್ರಕಾರ ಇಂಚಿಗಿಂತ ದೊಡ್ಡ ವಿಷಯ ಇದೇ. ವೀಲಿನ ಅಗಲದ ನಡುಗೆರೆಗೂ, ವೀಲ್ ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ ಇರುವ ಅಂತರ ಅದು. ಅಂಗಡಿಯವರು ಅಗಲ ಹೇಳುತ್ತಾರೆ, ಆಫ್‌ಸೆಟ್ ಹೇಳಲ್ಲ. ಒಂದು ಇಂಚು ಅಗಲ ಜಾಸ್ತಿ ಮಾಡಿ ಆಫ್‌ಸೆಟ್ ಅದೇ ಇಟ್ಟರೆ ಎರಡೂ ಕಡೆ 12.7 ಮಿಮೀ ಬೆಳೆಯುತ್ತದೆ. ಆಫ್‌ಸೆಟ್ ಸಹ ಕಡಿಮೆ ಆದರೆ ವೀಲ್ ಇನ್ನೂ ಹೊರಗೆ ಬರುತ್ತದೆ. ಮುಂದಿನ ವೀಲ್ ಹೀಗೆ ಹೊರಗೆ ಬಂದರೆ ಸ್ಟೀರಿಂಗ್ ಭಾರ ಆಗುತ್ತದೆ, ಗುಂಡಿಗೆ ಇಳಿದಾಗ ಕೈಯಿಂದ ಕಿತ್ತುಕೊಳ್ಳುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಎಂಜಿಬಿಗೆ ಪವರ್ ಸ್ಟೀರಿಂಗ್ ಇಲ್ಲ ಅಲ್ವಾ.

ಕೌಲ್‌ಬಜಾರ್ 34:
ಅಕ್ಕ, ಮಗನಿಗೆ ಇದನ್ನೇ ಓದಿಸಿದೆ. ಟೇಪ್ ಹಿಡಿದು ತಾನೇ ಒಮ್ಮೆ ಅಳೆದು ನೋಡಿ 16ರ ಮಾತು ಬಿಟ್ಟಿದ್ದಾನೆ. ಈಗ ಅವನ ಪ್ರಶ್ನೆ, ಸ್ವಿಫ್ಟ್ ಅಲಾಯ್ ಯಾಕೆ ಆಗಲ್ಲ? ಅದಕ್ಕೂ ನಾಲ್ಕೇ ಬೋಲ್ಟ್ ಅಲ್ವಾ?

ಗಂಗಾವತಿ ಮೆಕ್ಯಾನಿಕ್:
ನಾಲ್ಕು ಬೋಲ್ಟ್ ಇದ್ದರೆ ಸಾಲದು ತಮ್ಮ. ಆ ನಾಲ್ಕು ಬೋಲ್ಟ್ ಯಾವ ವೃತ್ತದ ಮೇಲೆ ಕೂತಿವೆಯೋ ಅದರ ವ್ಯಾಸಕ್ಕೆ ಪಿಸಿಡಿ ಅನ್ನುತ್ತಾರೆ. ಸ್ವಿಫ್ಟಿನದು 100 ಮಿಮೀ. ಬೋಲ್ಟ್ ಇರುವ ಎಂಜಿಬಿಯದು ನಾಲ್ಕೂವರೆ ಇಂಚು, ಅಂದರೆ 114.3. ಒಂದಕ್ಕೊಂದು ಸೇರಲ್ಲ. ತೂತು ಅಗಲ ಮಾಡಿ ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಮಾಡಿದ ವೀಲ್ ರಸ್ತೆಯಲ್ಲಿ ಕಳಚಿ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮತ್ತೆ ನಿಮ್ಮ ಗಾಡಿಯಲ್ಲಿ ಬೋಲ್ಟೇ ಇಲ್ಲವಲ್ಲ. ಸ್ಪ್ಲೈನ್ ಹಬ್ ತೆಗೆದು ಬೋಲ್ಟ್ ಹಬ್ ಹಾಕಬೇಕು. ಸ್ಟಡ್ ಅರ್ಧ ಇಂಚಿನ ಯುಎನ್‌ಎಫ್ ಥ್ರೆಡ್, ನಮ್ಮ ಗಾಡಿಗಳ 12 ಮಿಮೀ ನಟ್ ಅದಕ್ಕೆ ಹತ್ತಲ್ಲ. ಒತ್ತಿ ಹತ್ತಿಸಿದರೆ ಥ್ರೆಡ್ ಹೋಯಿತು.

ರಾಯಚೂರು ಕೋಟೆ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಡ್ಡಿ ವೀಲ್ ಇರುವ ಎಂಜಿಬಿಯ ಹಿಂದಿನ ಆಕ್ಸಲ್, ಬೋಲ್ಟ್ ವೀಲ್ ಇರುವ ಎಂಜಿಬಿಯದಕ್ಕಿಂತ ಗಿಡ್ಡ. ಸ್ಪ್ಲೈನ್ ಹಬ್ ಹೊರಗೆ ಚಾಚುವುದರಿಂದ ಕಂಪನಿ ಹಾಗೆ ಮಾಡಿತ್ತು. ಬೋಲ್ಟ್ ಅಲಾಯ್ ಬೇಕು ಅಂದರೆ ಅಡಾಪ್ಟರ್ ಬರುತ್ತದೆ, ಇಲ್ಲವೇ ಪೂರ್ತಿ ಆಕ್ಸಲ್ ಬದಲಾಯಿಸಬೇಕು. ಸ್ಪ್ಲೈನ್ ಮೇಲೆಯೇ ಕೂರುವ, ಮಿನಿಲೈಟ್ ತರಹದ ಎಂಟು ಕಡ್ಡಿಯ ಅಲಾಯ್ ಕೂಡ ಸಿಗುತ್ತದೆ, ಅದು ನೋಡೋಕೂ ಆ ಕಾಲದ್ದೇ ಅನ್ನಿಸುತ್ತದೆ. ಆದರೆ ನಿಮ್ಮ ಹಬ್ ಸವೆದಿದೆ. ಯಾವ ದಾರಿ ಹಿಡಿದರೂ ಹಿಂದಿನ ಹಬ್ ಮೊದಲು. ಸ್ಟೆಪ್ನಿ ಮರೆಯಬೇಡಿ, ಐದೂ ಒಂದೇ ತರಹ ಇರಬೇಕು.

ನಿಮ್ಮ 19 ಮಿಮೀ ನೋಡಿದ ಮೇಲೆ ನಾನೂ 15ರ ಮಾತು ವಾಪಸ್ ತಗೊಳ್ಳುತ್ತೇನೆ. ನನ್ನ ಗಾಡಿಯಲ್ಲಿ ನಡೆದದ್ದು ನಿಮ್ಮದರಲ್ಲಿ ನಡೆಯಲ್ಲ. ಬಾಡಿ ಬಡಿಯೋದು ಬೇಡ.

ಹೊಸಪೇಟೆ 35:
ತಡವಾಗಿ ಬಂದೆ. ನಾನು ಕಾಗದ ಪತ್ರದ ಕೆಲಸ ಮಾಡುವವನು, ಆ ಕಡೆಯಿಂದ ಎರಡು ಮಾತು.

2021ರಲ್ಲಿ ವಿಂಟೇಜ್ ವಾಹನಗಳಿಗೆ ಕೇಂದ್ರ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮದು 1967ರದ್ದು, ವಯಸ್ಸಿನ ಲೆಕ್ಕದಲ್ಲಿ ಆಗುತ್ತದೆ. ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು, ಅದು ದೊಡ್ಡ ಸಂತೋಷ ಅಲ್ವಾ. ಹಾಗೆ ಮಾಡಿಸಿದರೆ ದಿನಾ ಓಡಿಸೋಕೆ ಬರಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ. ಹಂಪಿ, ಸಂಡೂರು ಸುತ್ತಾಟ ನಿಮ್ಮ ಆಸೆ ಅಂದರೆ ಇದನ್ನು ಯೋಚಿಸಿ ತೀರ್ಮಾನ ಮಾಡಿ.

ಇನ್ನೊಂದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಎಂದು ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದು. ಮಡ್‌ಗಾರ್ಡ್ ಕತ್ತರಿಸಿ, ಆಕ್ಸಲ್ ಬದಲಾಯಿಸಿ ಆಮೇಲೆ ಕಚೇರಿ ಸುತ್ತೋದು ಯಾಕೆ? ಕಂಪನಿ ಕೊಟ್ಟ ಕಡ್ಡಿ ವೀಲ್ ಸೈಜಿನಲ್ಲೇ ಇದ್ದರೆ ಯಾರೂ ಏನೂ ಕೇಳಲ್ಲ.

ಸಂಡೂರು ಘಾಟಿ:
ಟೈರ್ ಬಗ್ಗೆ. 165/80 ಆರ್ 14 ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಯಾಕಂದರೆ ಸ್ವಿಫ್ಟ್, ಡಿಜೈರ್‌ಗಳ ಕೆಳಗಿನ ಮಾಡೆಲ್‌ಗಳಿಗೆ ಅದೇ ಸೈಜ್. ಕೂಡ್ಲಿಗಿಯಲ್ಲಿ ಪಂಕ್ಚರ್ ಆದರೂ ಅಂಗಡಿಯಲ್ಲಿ ಹುಡುಕಬಹುದು. ಅದರ ಮೇಲೆ 85ಟಿ ಎಂದು ಬರೆದಿರುತ್ತದೆ. 85 ಅಂದರೆ ಒಂದು ಟೈರ್ 515 ಕೆಜಿ ಹೊರುತ್ತದೆ, ಟಿ ಅಂದರೆ 190 ಕಿಮೀ ವೇಗದವರೆಗೆ. ನಿಮ್ಮ ಗಾಡಿ ಒಂದು ಟನ್ ಕೂಡ ಇಲ್ಲ. ಸಾಕೇ ಸಾಕು. ತಗೊಳ್ಳುವಾಗ ತಯಾರಾದ ವಾರ ನೋಡಿ ತಗೊಳ್ಳಿ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ನಿಂತ ಗಾಡಿಯ ಟೈರ್ ಕೂಡ ಬಿರಿಯುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿಸಿ.

ಗಂಗಾವತಿ ಮೆಕ್ಯಾನಿಕ್:
ಒಂದು ಎಚ್ಚರಿಕೆ. ಟೈರ್ ಟ್ಯೂಬ್‌ಲೆಸ್ ಬಂದರೂ ಕಡ್ಡಿ ವೀಲಿಗೆ ಟ್ಯೂಬ್ ಹಾಕಲೇಬೇಕು. ಕಡ್ಡಿಯ ತುದಿ ರಿಮ್ ತೂರಿ ಒಳಗೆ ಬಂದಿರುತ್ತದೆ, ಗಾಳಿ ನಿಲ್ಲಲ್ಲ. ತುದಿಗಳನ್ನು ಉಜ್ಜಿ ಸಮ ಮಾಡಿ, ಮೇಲೆ ರಬ್ಬರ್ ಪಟ್ಟಿ ಹಾಕಿ, ಆಮೇಲೆ ಟ್ಯೂಬ್. ಟೈರಿನ ಒಳಗೆ ಅಂಟಿಸಿರುವ ಕಾಗದದ ಚೀಟಿಗಳನ್ನು ಪೂರ್ತಿ ಕಿತ್ತುಹಾಕಿ. ಬಿಸಿಲಿಗೆ ಆ ಚೀಟಿ ಉಜ್ಜಿ ಉಜ್ಜಿ ಟ್ಯೂಬ್ ತೂತು ಮಾಡುತ್ತದೆ. ಸಣ್ಣ ವಿಷಯ, ಆದರೆ ರಸ್ತೆ ಮಧ್ಯೆ ನಿಲ್ಲಿಸೋದು ಇಂಥದ್ದೇ.

ಕೌಲ್‌ಬಜಾರ್ 34:
ತೀರ್ಮಾನ ಮಾಡಿದೆ. 14 ಇಂಚು, 60 ಕಡ್ಡಿ, ನಾಲ್ಕೂವರೆ ಅಗಲ, ಮೊದಲಿದ್ದ ಸೈಜೇ. ಐದು ಹೊಸ ವೀಲ್, ನಾಲ್ಕು ಹೊಸ ಹಬ್. ಮುಂದಿನ ಹಬ್ ಪರವಾಗಿಲ್ಲ ಅಂದಿದ್ದೆ, ಆದರೆ ಹೊಸ ವೀಲಿಗೆ ಹಳೇ ಹಲ್ಲು ಬೇಡ ಅನ್ನಿಸಿತು. ಕ್ರೋಮ್ ಬೇಡ, ಬೆಳ್ಳಿ ಬಣ್ಣ ಬಳಿದದ್ದು. ನಮ್ಮ ಕೆಂಪು ಧೂಳು ಕ್ರೋಮ್ ಕಡ್ಡಿಗಳ ಸಂದಿಯಲ್ಲಿ ಕೂತರೆ ತೆಗೆಯೋದು ಕಷ್ಟ, ಬಿರುಕು ಬಿಟ್ಟರೆ ಬಣ್ಣದಲ್ಲಿ ಬೇಗ ಕಾಣುತ್ತದೆ. ದೊಡ್ಡಮ್ಮನಿಗೆ ಫೋಟೊ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಹಿಂಗೇ ಇತ್ತು ಎಂದರು. ನನಗೆ ಅಷ್ಟು ಸಾಕು. ಟೈರ್ 165/80, ಟ್ಯೂಬ್ ಸಮೇತ. ವಿಂಟೇಜ್ ನೋಂದಣಿ ಸದ್ಯಕ್ಕೆ ಬೇಡ, ಮೊದಲು ಅವರನ್ನು ಕೂರಿಸಿಕೊಂಡು ಹಂಪಿಗೆ ಹೋಗಿ ಬರುತ್ತೇನೆ.

ಹಬ್ ಹಾಕುವಾಗ ಏನಾದರೂ ಗಮನಿಸಬೇಕಾ?

ಗಂಗಾವತಿ ಮೆಕ್ಯಾನಿಕ್:
ಇದು ಮುಖ್ಯ ಅಣ್ಣ. ಎಡಗಡೆ ಹಬ್ ಬೇರೆ, ಬಲಗಡೆ ಹಬ್ ಬೇರೆ. ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ ಥ್ರೆಡ್. ವೀಲ್ ಮುಂದಕ್ಕೆ ತಿರುಗುವ ದಿಕ್ಕಿಗೆ ನಟ್ ತಿರುಗಿಸಿದರೆ ಬಿಚ್ಚಬೇಕು, ಹಿಂದಕ್ಕೆ ತಿರುಗಿಸಿದರೆ ಬಿಗಿಯಾಗಬೇಕು. ಆಗ ಮಾತ್ರ ಓಡುತ್ತಾ ಓಡುತ್ತಾ ನಟ್ ತಾನೇ ಬಿಗಿಯಾಗುತ್ತದೆ. ಎಡದ್ದು ಬಲಕ್ಕೆ ಹಾಕಿಬಿಟ್ಟರೆ ಅದೇ ಓಟದಲ್ಲಿ ಸಡಿಲ ಆಗಿ ವೀಲ್ ಕಳಚುತ್ತದೆ. ಬ್ರೇಕ್ ಕೆಲಸಕ್ಕೆ ನಿಮ್ಮ ಹಬ್ ಬಿಚ್ಚಿದ್ದರು ಅಂದಿರಲ್ಲ, ಹಾಗಾಗಿ ಹಳೇದು ನೋಡಿ ಹೊಸದು ಹಾಕಬೇಡಿ, ಥ್ರೆಡ್ ನೋಡಿ ಹಾಕಿ. ನಟ್ ಮೇಲೆ ಬಿಚ್ಚುವ ದಿಕ್ಕಿನ ಬಾಣ ಇರುತ್ತದೆ.

ಹಲ್ಲಿಗೆ ತೆಳ್ಳಗೆ ಗ್ರೀಸ್ ಸವರಿ. ನಟ್ಟಿನ ಕಿವಿಗೆ ಕಬ್ಬಿಣದ ಸುತ್ತಿಗೆ ಬೇಡ, ತಾಮ್ರದ್ದು ಅಥವಾ ಸೀಸದ್ದು. 40, 50 ಕಿಮೀ ಓಡಿಸಿದ ಮೇಲೆ ಮತ್ತೆ ಒಮ್ಮೆ ಬಡಿದು ಬಿಗಿ ಮಾಡಿ, ಹೊಸ ಹಲ್ಲು ಕೂರೋಕೆ ಅಷ್ಟು ಬೇಕು. ಬಳ್ಳಾರಿಯಿಂದ ಹೊಸಪೇಟೆ ಸುಮಾರು 60 ಕಿಮೀ. ಹಾಗಾಗಿ ಹಂಪಿಗೆ ಹೋಗುವಾಗ ಹೊಸಪೇಟೆ ಮುಟ್ಟೋ ಮುಂಚೆ ಒಂದು ಮರದ ನೆರಳಲ್ಲಿ ನಿಲ್ಲಿಸಿ, ನಾಲ್ಕೂ ನೋಡಿ. ಸುತ್ತಿಗೆ ಡಿಕ್ಕಿಯಲ್ಲೇ ಇರಲಿ.